ಮೇವು ಮೊದಲು, ಇಂಧನ ಆಮೇಲೆ



ಉರ್ದುವಿನಲ್ಲಿ ‘ಚಾರಾ’ ಎಂದರೆ ಮೇವು. ಅದೇ ಪದಕ್ಕೆ ಪರಿಹಾರ ಎಂಬ ಅರ್ಥವೂ ಉಂಟು. ಮೇವು ಪೆಟ್ರೋಲಿನ ಚಿಂತೆಗೂ ಪರಿಹಾರವಾದೀತೇ? ಇದೇ ನನ್ನ ಇಂದಿನ ಮಾತಿನ ವಿಷಯ.

ನಮ್ಮ ಅಫಜಲಪುರ ತಾಲೂಕು ಕಬ್ಬಿನ ಸೀಮೆ. ಕಾಕಂಬಿಯಿಂದ ಎಥೆನಾಲ್ ಆಗುವುದು ನಿಮಗೆ ಗೊತ್ತು. ಹುಲ್ಲಿನಲ್ಲಿಯೂ ಸಕ್ಕರೆಯಿದೆ. ಆದರೆ ಅದು ಸೆಲ್ಯುಲೋಸ್ ಎಂಬ ಸರಪಳಿಯಲ್ಲಿ ಸಿಕ್ಕಿಕೊಂಡಿದೆ, ಮೇಲೆ ಲಿಗ್ನಿನ್ ಎಂಬ ಗಟ್ಟಿ ಬೀಗ. ಎಮ್ಮೆಯ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಸರಪಳಿಯನ್ನು ಕಡಿಯುತ್ತವೆ. ಕಾರ್ಖಾನೆಯಲ್ಲಿ ಹುಲ್ಲನ್ನು ಆಮ್ಲ ಅಥವಾ ಹಬೆಯಿಂದ ಸಡಿಲಿಸಿ, ಕಿಣ್ವದಿಂದ ಸಕ್ಕರೆ ಮಾಡಿ, ಹುದುಗಿಸಿ, ಭಟ್ಟಿ ಇಳಿಸುತ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ. 2022ರ ಆಗಸ್ಟ್ 10ರಂದು ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್‌ನ ಇಂಥ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ತೆಗೆಯುವುದು ಅದರ ಗುರಿ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯೂ ಹುಲ್ಲುಗಳನ್ನು ಕಚ್ಚಾವಸ್ತುಗಳ ಸಾಲಿಗೆ ಸೇರಿಸಿದೆ.

ಸಜ್ಜೆ ಮತ್ತು ಆನೆಹುಲ್ಲಿನ ಮಿಶ್ರತಳಿಯಾದ ಹೈಬ್ರಿಡ್ ನೇಪಿಯರ್ ಅನ್ನು ನೀವು ನೋಡಿರಬಹುದು. ಒಮ್ಮೆ ನೆಟ್ಟರೆ ಹಲವು ವರ್ಷ ಬರುತ್ತದೆ. ಮೊದಲ ಕಟಾವು ಸುಮಾರು ಎರಡೂವರೆ ತಿಂಗಳಿಗೆ, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಪ್ರತಿ ವರ್ಷ ಉಳುವಂತಿಲ್ಲ, ಬೇರು ಮಣ್ಣನ್ನು ಹಿಡಿದಿಡುತ್ತದೆ. ಆದರೆ ನೀರು, ಗೊಬ್ಬರ ಬೇಕೇ ಬೇಕು.

ಇಲ್ಲಿಯೇ ತೊಡಕು. ಲಿಗ್ನಿನ್ ಕಡಿಮೆಯಿರುವ ಮೇವಿನ ಜೋಳದ ತಳಿಗಳನ್ನು ವಿಜ್ಞಾನಿಗಳು ಬೆಳೆಸಿದ್ದಾರೆ. ಅದು ಎಮ್ಮೆಗೂ ಸುಲಭವಾಗಿ ಅರಗುತ್ತದೆ, ಕಾರ್ಖಾನೆಗೂ ಸುಲಭ. ಅಂದರೆ ಇಬ್ಬರ ಕಣ್ಣೂ ಒಂದೇ ಸೂಡಿನ ಮೇಲೆ! ಬರಗಾಲದಲ್ಲಿ ಕಣಿಕೆಯ ಬಣವಿ ಕರಗಿದಾಗ ನಮ್ಮವರು ದನ ಮಾರುವುದನ್ನು ನಾವೆಲ್ಲ ಕಂಡಿದ್ದೇವೆ. ಎರಡು ಎಮ್ಮೆ ಸಾಕಿ ಮಕ್ಕಳ ಫೀಸು ಕಟ್ಟುವ ವಿಧವೆ ತಾಯಿ ಕಾರ್ಖಾನೆಯೊಡನೆ ಬೆಲೆಗೆ ಪೈಪೋಟಿ ಮಾಡಬಲ್ಲಳೇ?

ಆದ್ದರಿಂದ ನನ್ನ ವಿನಂತಿ ಇಷ್ಟೇ. ದನ ತಿನ್ನದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳಲ್ಲಿ ಒಲೆಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದು ಮೊದಲು ಕಾರ್ಖಾನೆಗೆ ಹೋಗಲಿ. ಹಸಿರು ಹುಲ್ಲನ್ನು ಒಡ್ಡಿನ ಮೇಲೆ, ಕಾಲುವೆಯ ಅಂಚಿನಲ್ಲಿ ಬೆಳೆಯೋಣ. ಕೊಟ್ಟಿಗೆ ತುಂಬಿದ ಮೇಲೆ ಮಿಕ್ಕಿದ್ದನ್ನು ಮಾರೋಣ.

ಪಾಲಕರೇ, ನಿಮ್ಮ ಮಗಳು ವಿಜ್ಞಾನ ಓದುತ್ತೇನೆಂದರೆ ಬೇಡವೆನ್ನಬೇಡಿ. ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವಳಿಗೆ ಮೇವಿನ ಬೆಲೆ ಗೊತ್ತಿರುತ್ತದೆ. ನಾಳೆ ಇಂಥ ತಳಿಯನ್ನು ಅವಳೇ ರೂಪಿಸಿದರೆ, ಕೊಟ್ಟಿಗೆಯನ್ನು ಮರೆಯಲಾರಳು.