ಪರದೆ ಕಪ್ಪಾದಾಗ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಗಣಕಶಿಕ್ಷಣವು ಕ್ರಮೇಣ ಸ್ವತಂತ್ರ ತಂತ್ರಾಂಶವನ್ನೇ ಆಶ್ರಯಿಸಿತು. ಇಂದು ನಮ್ಮ ಮಕ್ಕಳು ಕಲಿಯುವುದು ‘ಕೈಟ್’ ಸಂಸ್ಥೆಯು ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ. ಇದಕ್ಕೆ ಬೆಲೆ ತೆರಬೇಕಾಗಿಲ್ಲ. ಮನೆಯ ಗಣಕಯಂತ್ರಕ್ಕೂ ಅಳವಡಿಸಿಕೊಳ್ಳಬಹುದು. ಆದರೆ ಒಂದು ದಿನ ಯಂತ್ರವು ಓಡುತ್ತಿದ್ದರೂ ಪರದೆಯು ಕಪ್ಪಾಗಿಯೇ ಉಳಿಯುವುದುಂಟು. ಆಗ ಗಾಬರಿಯಿಂದ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿದರೆ, ಮಗುವು ವರ್ಷವಿಡೀ ಕೂಡಿಟ್ಟ ಬರಹ, ಚಿತ್ರಗಳೆಲ್ಲವೂ ಹೋದಂತೆಯೇ.

ದೋಷವು ಬಹುಮಟ್ಟಿಗೆ ಯಂತ್ರದಲ್ಲಿರದೆ ‘ಡ್ರೈವರ್’ ಎಂಬ ತಂತ್ರಾಂಶದಲ್ಲಿರುತ್ತದೆ. ಕಬಿನಿಯ ಈ ದಡದಲ್ಲಿ ಮರಕ್ಕಡವು, ಆ ದಡದಲ್ಲಿ ಬೈರಕುಪ್ಪೆ; ಎರಡು ದಡಗಳನ್ನೂ ಬಲ್ಲವನು ಅಂಬಿಗ. ಅಂತೆಯೇ ಲಿನಕ್ಸಿನ ತಿರುಳಾದ ಕರ್ನೆಲ್ ಒಂದು ದಡ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಇನ್ನೊಂದು ದಡ. ನಡುವಿನ ಅಂಬಿಗನೇ ಡ್ರೈವರ್. ಇಂಟೆಲ್, ಎಎಂಡಿ ಕಾರ್ಡುಗಳ ಡ್ರೈವರ್ ಸಾಮಾನ್ಯವಾಗಿ ಕರ್ನೆಲ್ಲಿನೊಡನೆಯೇ ಬರುತ್ತದೆ. ಎನ್‌ವಿಡಿಯಾ ಕಾರ್ಡಿಗಾದರೋ ಸ್ವಯಂಸೇವಕರು ರಚಿಸಿದ ‘ನೂವೋ’ ಒಂದು, ಕಂಪೆನಿಯದೇ ಆದ ಇನ್ನೊಂದು. ಕರ್ನೆಲ್ ಹೊಸದಾಗಿ ಡ್ರೈವರ್ ಹಳೆಯದಾಗಿಯೇ ಉಳಿದರೆ, ಇಲ್ಲವೆ ಇಬ್ಬರು ಅಂಬಿಗರು ಒಂದೇ ಹುಟ್ಟಿಗೆ ಕೈಹಾಕಿದರೆ, ದೋಣಿ ದಡ ಸೇರದು.

ಪರಿಹಾರದ ಕ್ರಮವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕು.

ಮೊದಲನೆಯದಾಗಿ, ಯಂತ್ರವು ಆರಂಭವಾಗುವಾಗ ಎಸ್ಕೇಪ್ ಕೀಲಿಯನ್ನು, ಹಳೆಯ ಯಂತ್ರವಾದರೆ ಶಿಫ್ಟ್ ಕೀಲಿಯನ್ನು ಒತ್ತಿ ‘ಗ್ರಬ್’ ಪಟ್ಟಿಯನ್ನು ತೆರೆದು, ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನೆಲ್ಲನ್ನು ಆರಿಸಿರಿ. ಅದೂ ಫಲಿಸದಿದ್ದರೆ ಆ ಪಟ್ಟಿಯಲ್ಲಿಯೇ ‘ಇ’ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಆಂಗ್ಲ ಸಣ್ಣಕ್ಷರಗಳಲ್ಲಿ ಸೇರಿಸಿ ಎಫ್10 ಒತ್ತಿರಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಪರದೆ ಮೂಡಿದೊಡನೆ ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿರಿ, ದುರಸ್ತಿ ಆಮೇಲೆ.

ಎರಡನೆಯದಾಗಿ, ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಕೆ’ ಎಂಬ ಆಜ್ಞೆಯನ್ನು ಕೊಟ್ಟರೆ ಕಾರ್ಡು ಯಾವುದು, ಈಗ ದುಡಿಯುತ್ತಿರುವ ಡ್ರೈವರ್ ಯಾವುದು ಎಂಬುದು ತಿಳಿಯುತ್ತದೆ.

ಮೂರನೆಯದಾಗಿ, ‘ಅಡಿಷನಲ್ ಡ್ರೈವರ್ಸ್’ ಕಿಟಕಿಯಲ್ಲಿ ಶಿಫಾರಸು ಮಾಡಿರುವುದನ್ನೇ ಆರಿಸಿರಿ. ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ತಂದು ಹಾಕಬೇಡಿರಿ. ಭಂಡಾರದ ಡ್ರೈವರನ್ನು ಮುಂದಿನ ಕರ್ನೆಲ್ಲಿಗೆ ಹೊಂದಿಸುವ ಹೊಣೆಯನ್ನು ವ್ಯವಸ್ಥೆಯೇ ಹೊರುತ್ತದೆ.

ನಾಲ್ಕನೆಯದಾಗಿ, ‘ಸೆಕ್ಯೂರ್ ಬೂಟ್’ ಎಂಬ ಕಾವಲಿರುವ ಯಂತ್ರಗಳಲ್ಲಿ ಅಳವಡಿಕೆಯ ವೇಳೆ ಒಂದು ಗುಪ್ತಪದವನ್ನು ಕೇಳಬಹುದು. ಮರುಪ್ರಾರಂಭದಲ್ಲಿ ನೀಲಿ ಪರದೆ ಬಂದರೆ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪದವನ್ನು ಕೊಡಬೇಕು. ಅಂಜಿ ಅದನ್ನು ದಾಟಿಸಿಬಿಟ್ಟರೆ ಕಾವಲುಗಾರನು ಹೊಸ ಅಂಬಿಗನನ್ನು ಒಳಗೆ ಬಿಡುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದು ಟಿಪ್ಪಣಿಯಲ್ಲಿರಲಿ. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯದು; ನಾಳೆ ಅದೇ ತೊಡಕು ಬಂದರೆ ಅವನು ಮತ್ತೆ ಪರರ ಬಾಗಿಲಿಗೇ ಹೋಗಬೇಕು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಗುವು ಕಪ್ಪು ಪರದೆಯ ಮುಂದೆ ಕಾಗದ ಹಿಡಿದು ಕುಳಿತಿದ್ದರೆ, ಯಂತ್ರವನ್ನು ಕೆಡಿಸಿತೆಂದು ಗದರಬೇಡಿರಿ. ಕಾರಣವನ್ನು ಹುಡುಕುವುದೂ ವಿದ್ಯೆಯೇ. ಆ ತಾಳ್ಮೆಯು ನಮ್ಮ ಮಕ್ಕಳಲ್ಲಿ ಬೆಳೆಯಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.