ಗುಡ್ಡದ ಹೂವು, ಹಿತ್ತಲಿನ ಹೂವು

(ಪುರ್ತಗೇರಿಯಲ್ಲಿ ಶಾಲಾ ಮಕ್ಕಳು ಹಾಗೂ ಗ್ರಾಮಸ್ಥರ ಮುಂದೆ ಆಡಿದ ಮಾತುಗಳ ಬರಹರೂಪ)



ಗಜೇಂದ್ರಗಡದ ಗುಡ್ಡವಿರಲಿ, ಕಪ್ಪತಗುಡ್ಡವಿರಲಿ, ಗುಡ್ಡದಲ್ಲಿ ಅರಳಿದ್ದೆಲ್ಲ ಕಾಡುಹೂವಲ್ಲ. ಕೆಲವು ಗಿಡಗಳು ಯಾರದೋ ಹಿತ್ತಲಿನ ಬೇಲಿ ದಾಟಿ ಬಂದಂಥವು. ಇವನ್ನು ಗುರುತಿಸುವುದು ಹೇಗೆ?

ಅಂದ ನೋಡಿ ಹೇಳಿದರೆ ಮೋಸ ಹೋಗುತ್ತೇವೆ. ಮಳೆಗಾಲದಲ್ಲಿ ಅರಳುವ ಗೌರಿ ಹೂವನ್ನೇ ನೋಡಿ. ಕೆಂಪು, ಹಳದಿ ಎಸಳುಗಳು ಬೆಂಕಿಯಂತೆ ಮೇಲಕ್ಕೆ ಚಾಚಿರುತ್ತವೆ. ಅಗ್ನಿಶಿಖೆ ಎಂಬ ಹೆಸರು ಬಂದದ್ದು ಅದರಿಂದಲೇ. ಯಾವುದೋ ಬಂಗಲೆಯ ತೋಟದ್ದೆನಿಸಿದರೂ ಅದು ನಮ್ಮ ಕಾಡಿನದೇ ಬಳ್ಳಿ. (ಅದರ ಗಡ್ಡೆ ಕಡುವಿಷ, ಮಕ್ಕಳು ಮುಟ್ಟಬಾರದು.)

ಹೆಸರನ್ನು ನಂಬಿದರೂ ಮೋಸವೇ. ಕಾಶಿ ಕಣಗಿಲೆ ಕಾಶಿಯದಲ್ಲ, ಮಡಗಾಸ್ಕರ್ ದ್ವೀಪದ್ದು. ಅಂಗಳದ ಚೆಲುವಿಗೆಂದು ತಂದ ಗಿಡ ಈಗ ಬಂಡೆಯ ಸಂದಿಯಲ್ಲೂ ಬೇರೂರುತ್ತದೆ.

ಹಾಗಾದರೆ ಮೊದಲು ಗಿಡ ನಿಂತ ಜಾಗ ನೋಡಿ. ಹಿತ್ತಲಿನಿಂದ ತಪ್ಪಿಸಿಕೊಂಡದ್ದು ಸಾಮಾನ್ಯವಾಗಿ ಹಾಳುಮನೆ, ಗುಡಿಯ ಆವರಣ, ರಸ್ತೆಯಂಚಿನಿಂದ ಶುರುವಾಗಿ ಮೇಲೇರುತ್ತದೆ. ಅದರ ಜಾಡು ಹಿಡಿದು ಹಿಂದಕ್ಕೆ ನಡೆದರೆ ಹಳೆಯ ಬೇಲಿಯೊಂದು ಸಿಗಬಹುದು. ಆಮೇಲೆ ಹೂವು ನೋಡಿ. ಎಸಳಿನ ಮೇಲೆ ಎಸಳು ಒತ್ತಾಗಿದ್ದರೆ ಅದು ಬಹುಮಟ್ಟಿಗೆ ಮನುಷ್ಯ ಆರಿಸಿ ಬೆಳೆಸಿದ ತಳಿ. ಕೊನೆಗೆ ನೆರೆಹೊರೆ ನೋಡಿ. ಆವರಿಕೆ, ತುಂಬೆ, ಲಕ್ಕಿ ಹತ್ತಾರು ಗಿಡಗಳ ನಡುವೆ ಬಾಳುತ್ತವೆ. ಒಂದೇ ಗಿಡ ಇಡೀ ಇಳಿಜಾರನ್ನು ಆವರಿಸಿದ್ದರೆ ಅನುಮಾನಪಡಿ.

ಇದಕ್ಕೆ ಲಂಟಾನಕ್ಕಿಂತ ದೊಡ್ಡ ಉದಾಹರಣೆ ಬೇಡ. ಅಮೆರಿಕ ಖಂಡದ ಈ ಪೊದೆ 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಹಕ್ಕಿಗಳು ಹಣ್ಣು ತಿಂದು ಬೀಜ ಬಿತ್ತಿದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಅದರಡಿ ಹುಲ್ಲೂ ಸರಿಯಾಗಿ ಏಳುತ್ತಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವೆಲ್ಲಿ? ಹಿಂದೆ ತಾವು ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಸೋಲಿಗರು ಹೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅವರೇ ಅದರ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯುತ್ತಾರೆ.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ದೀಪಾವಳಿಯ ಚೆಂಡುಹೂವೂ ಮೂಲತಃ ಮೆಕ್ಸಿಕೊ ಕಡೆಯದು. ಆದರೆ ಅದಕ್ಕೆ ರೈತನ ಆರೈಕೆ ಬೇಕು. ಯಾರ ಹಂಗೂ ಇಲ್ಲದೆ ಹಬ್ಬಿ, ನೆರೆಯವರನ್ನು ಬದುಕಗೊಡದ ಗಿಡದ ಬಗ್ಗೆ ಮಾತ್ರ ಎಚ್ಚರ ಬೇಕು.

2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಆದರೆ ಬೀಜ ಯಾವ ಗಡಿಯನ್ನೂ ಕೇಳುವುದಿಲ್ಲ. ಹಿತ್ತಲಿನ ಕಸವನ್ನು ಗುಡ್ಡದ ಬುಡಕ್ಕೆ ಸುರಿಯಬೇಡಿ. ಗುರುತು ಸಿಗದ ಗಿಡವನ್ನು ಅವಸರದಿಂದ ಕೀಳಲೂ ಬೇಡಿ. ಮೊದಲು ಊರಿನ ಕುರಿಗಾಹಿಯನ್ನೋ ನಾಟಿ ವೈದ್ಯರನ್ನೋ ಕೇಳಿ, ಸಸ್ಯಶಾಸ್ತ್ರದ ಮೇಷ್ಟರಿಗೂ ತೋರಿಸಿ.