20 ವರ್ಷದ ಕಾಡು, 120 ವರ್ಷದ ಲೆಕ್ಕ

ಉಷ್ಣವಲಯದ ಕಾಡು ಕಡಿದ ಜಾಗವನ್ನು ಸುಮ್ಮನೆ ಬಿಟ್ಟರೆ ಏನಾಗುತ್ತೆ? ಇವತ್ತು ಅದೇ ಮಾತು.

2021ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನೆದರ್‌ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ಲೌರೆನ್ಸ್ ಪೋರ್ಟರ್ ಮತ್ತು ಜೊತೆಗಾರರು ಅಮೆರಿಕ ಖಂಡಗಳು, ಪಶ್ಚಿಮ ಆಫ್ರಿಕಾದ 77 ಕಡೆಯ ಲೆಕ್ಕ ತೆಗೆದಿದ್ದರು. ಬೇಸಾಯ ಮಾಡಿ, ದನ ಮೇಯಿಸಿ ಬಿಟ್ಟ ಜಾಗಗಳು. ಕಾಡು ತಾನಾಗೇ ಎದ್ದಿದ್ದು. 20 ವರ್ಷಕ್ಕೆ ಹಳೇ ಕಾಡಿನ ಗುಣಗಳು ಸರಾಸರಿ ಶೇ. 78ರಷ್ಟು ವಾಪಸ್ ಬಂದಿದ್ದವು!

ಬಿ.ಕಾಂ. ಓದಿದವನಿಗೆ ಸರಾಸರಿ ಅಂದ್ರೆ ಸ್ವಲ್ಪ ಅನುಮಾನ. ಬಿಡಿಸಿ ನೋಡಿ. ಶೇ. 90ರಷ್ಟು ಚೇತರಿಕೆಗೆ ಮಣ್ಣಿಗೆ ಹತ್ತು ವರ್ಷವೂ ಬೇಡ. ಕಾಡಿನ ರಚನೆಗೆ, ಎಷ್ಟು ಬಗೆಯ ಮರ ಅನ್ನೋದಕ್ಕೆ 25ರಿಂದ 60 ವರ್ಷ. ಮೊದಲಿದ್ದ ಅದೇ ಜಾತಿಗಳು, ಅಷ್ಟೇ ಭಾರದ ಮರಗಳು ಬೇಕಾ? 120 ವರ್ಷ ದಾಟುತ್ತೆ.

ಅದೂ ನೆಲವನ್ನು ತೀರಾ ಹಿಂಡದೇ ಬಿಟ್ಟಿದ್ದರೆ ಮಾತ್ರ. ಹಕ್ಕಿ, ಬಾವಲಿಗಳು ಬೀಜ ತರೋಕೆ ಹತ್ತಿರದಲ್ಲಿ ಹಳೇ ಕಾಡು ಉಳಿದಿರಬೇಕು. ಹಾಗಾಗಿ ‘ಇಲ್ಲಿ ಕಡಿದು ಅಲ್ಲಿ ಬೆಳೆಸ್ತೀವಿ’ ಅನ್ನೋ ಲೆಕ್ಕ ನನಗಂತೂ ತಾಳೆ ಆಗಲ್ಲ. ಇಪ್ಪತ್ತು ವರ್ಷದ ಎಳೇ ಕಾಡನ್ನು ‘ಕುರುಚಲು, ಪಾಳು ಜಾಗ’ ಅಂತ ಸವರಿಬಿಟ್ಟರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು.